ಬಿರುಬೇಸಿಗೆಯಲ್ಲಿ ಹಿತ್ತಲ ಕೈತೋಟ

ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಹಿತ್ತಲಿನ ಟೊಮ್ಯಾಟೊ ಗಿಡ ಆಗ ಹೂ ಬಿಟ್ಟರೂ ಕಾಯಿ ಕಟ್ಟುವುದು ಅಪರೂಪ. ಇದು ಗೊಬ್ಬರದ ಕೊರತೆಯಲ್ಲ. ಹಗಲಿನ ಉಷ್ಣತೆ 35 ಡಿಗ್ರಿ ಮೀರಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಶಕ್ತಿಗುಂದಿ ಹೂ ಉದುರುತ್ತದೆ. ಯೂರಿಯಾ ಹಾಕಿ ಹಣ ಕಳೆಯಬೇಡಿರಿ.

ಮನೆಗೆ ತಂದ ನೀರಿನಲ್ಲಿ ಉಳಿಯುವ ನಾಲ್ಕು ಕೊಡವನ್ನು ಬೆಂಡೆ, ಚವಳಿ, ಹರಿವೆಗೆ ಕೊಡಿರಿ. ಇವು ಬಿಸಿಲು ತಡೆಯುತ್ತವೆ. ನೀರನ್ನು ಸಂಜೆ ಬುಡಕ್ಕೇ ಹಾಕಿ, ಸುತ್ತಲೂ ಎರಡು ಅಂಗುಲ ದಪ್ಪ ತೊಗರಿ ಹೊಟ್ಟು ಹೊದಿಸಿರಿ. ಗೆದ್ದಲಿನ ಕಾಟವಿದ್ದಲ್ಲಿ ಹೊದಿಕೆ ಕಾಂಡಕ್ಕೆ ತಾಗಬಾರದು. ಸೊಪ್ಪಿನ ಮಡಿಗೆ ಪಡುವಣ ಬದಿಯಲ್ಲಿ ಹಳೆಯ ಸೀರೆ ಕಟ್ಟಿದರೂ ಸಾಕು. ಸಾಬೂನು ಬೆರೆತ ಬಚ್ಚಲ ನೀರನ್ನು ಸೊಪ್ಪಿಗೆ ಬಿಡದೆ ಬಾಳೆಯ ಬುಡಕ್ಕೆ ಹರಿಸಿರಿ. ಟೊಮ್ಯಾಟೊ ಬೀಜವನ್ನು ಮೇ ಕೊನೆಗೆ ನೆರಳಿನ ಸಸಿಮಡಿಯಲ್ಲಿ ಹಾಕಿದರೆ ಮುಂಗಾರು ಹಿಡಿದಾಗ ಸಸಿ ನಾಟಿಗೆ ಬರುತ್ತದೆ.