42 ಡಿಗ್ರಿ ತಡೆದವರಿಗೆ 33 ಡಿಗ್ರಿ ಯಾವ ಲೆಕ್ಕ?

ಪ್ರಶ್ನೆ: ಜುಲೈನಲ್ಲಿ ಮಕ್ಕಳೊಂದಿಗೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ. ಅಲ್ಲಿ 33 ಡಿಗ್ರಿಯಂತೆ. ಕಲಬುರಗಿಯ 42 ಡಿಗ್ರಿ ಕಂಡ ನಮಗೆ ಅದೇನು ಮಹಾ?

ಉತ್ತರ: ಕಲಬುರಗಿಯದು ಒಣ ಬಿಸಿಲು. ಬೆವರು ಆರುತ್ತಾ ಮೈಯ ಶಾಖವನ್ನೂ ಹೊತ್ತೊಯ್ಯುತ್ತದೆ. ಫ್ಲಾರಿಡಾದ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಸುಮ್ಮನೆ ಸುರಿಯುತ್ತದೆ, ಮೈ ತಣಿಯುವುದಿಲ್ಲ. ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ಹಾಗಾಗಿ ಪಾರ್ಕಿನ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ, ಮಧ್ಯಾಹ್ನ ಕೋಣೆಗೆ ಮರಳಿ ಮಕ್ಕಳನ್ನು ಮಲಗಿಸಿ, ಸಂಜೆ ಮತ್ತೆ ಹೊರಡಿ. ಹೇಗೂ ಅಲ್ಲಿ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ, ಆಗ ಹೊರಾಂಗಣದ ಸವಾರಿಗಳು ನಿಲ್ಲುತ್ತವೆ. ಕೌಂಟರ್‌ನಲ್ಲಿ ಊಟ ಕೊಡುವ ಕಡೆ ಐಸ್ ನೀರು ಕೇಳಿದರೆ ದುಡ್ಡಿಲ್ಲದೆ ಕೊಡುತ್ತಾರೆ. ಮೈ ಸುಡುತ್ತಾ ಮಗುವಿನ ಮಾತು ತೊದಲಿದರೆ ಮಾತ್ರ ಕಾಯಬೇಡಿ: ನೆರಳಿಗೆ ಒಯ್ದು ಮೈಗೆ ತಣ್ಣೀರು ಹಾಕಿ, 911ಕ್ಕೆ ಕರೆ ಮಾಡಿ.