ರಸ್ತೆ ತಪಾಸಣೆಯ ಲೆಕ್ಕ: ತಾಳೆ ನೋಡದ ದಾಖಲೆಯ ಬೆಲೆ

ನಗದು ಪುಸ್ತಕದ ಬ್ಯಾಂಕ್ ಶಿಲ್ಕನ್ನು ಬ್ಯಾಂಕಿನ ಲೆಕ್ಕಪಟ್ಟಿಯೊಡನೆ ತಾಳೆ ನೋಡುವುದು ವ್ಯಾಪಾರಸ್ಥರ ವಾಡಿಕೆ. ಎರಡನ್ನೂ ಬೇರೆ ಬೇರೆಯವರು ಬರೆದಿರುವುದರಿಂದಲೇ ಈ ತಾಳೆಗೆ ಬೆಲೆ. ಈ ನಿಯಮವನ್ನು ಕಡೆಗಣಿಸಿದರೆ ಪೊಲೀಸ್ ಇಲಾಖೆಯ ದಾಖಲೆಗಳೂ ಹೇಗೆ ನಂಬಿಕೆ ಕಳೆದುಕೊಳ್ಳುತ್ತವೆ ಎಂಬುದನ್ನು ಐರ್ಲೆಂಡಿನ ಪ್ರಕರಣ ತೋರಿಸುತ್ತದೆ.

ಅಲ್ಲಿನ ಪೊಲೀಸ್ ಪಡೆಯಾದ ‘ಗಾರ್ಡಾ’, ಮದ್ಯಪಾನ ಮಾಡಿ ವಾಹನ ಚಲಾಯಿಸುವವರನ್ನು ಪತ್ತೆಹಚ್ಚಲು ರಸ್ತೆಬದಿಯಲ್ಲಿ ಉಸಿರಿನ ತಪಾಸಣೆ ನಡೆಸುತ್ತದೆ. ತಪಾಸಣೆಗಳ ಸಂಖ್ಯೆಯನ್ನು ಸಿಬ್ಬಂದಿ ‘ಪಲ್ಸ್’ ಎಂಬ ಗಣಕ ವ್ಯವಸ್ಥೆಯಲ್ಲಿ ನಮೂದಿಸುತ್ತಾರೆ. ತಪಾಸಣಾ ಉಪಕರಣವೂ ತನ್ನ ಎಣಿಕೆಯನ್ನು ಇಟ್ಟುಕೊಳ್ಳುತ್ತದೆ. 2011ರಿಂದ 2016ರವರೆಗಿನ ಅವಧಿಗೆ ಪಲ್ಸ್‌ನಲ್ಲಿದ್ದ ಸಂಖ್ಯೆ 19,95,369. ಉಪಕರಣಗಳ ಎಣಿಕೆ 10,58,157 ಮಾತ್ರ. 9,37,212 ತಪಾಸಣೆಗಳ ಈ ವ್ಯತ್ಯಾಸ 2017ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಇಲಾಖೆಯ ಆಂತರಿಕ ಪರಿಶೀಲನೆಯು 2009ರಿಂದ ಲೆಕ್ಕ ಹಾಕಿ, ವ್ಯತ್ಯಾಸ 14,58,221 ಎಂದು ತಿಳಿಸಿತು. ಪೊಲೀಸ್ ಮೇಲ್ವಿಚಾರಣೆಗಾಗಿ ಆಗ ಇದ್ದ ಸ್ವತಂತ್ರ ಪ್ರಾಧಿಕಾರವು ಲೆಕ್ಕಪರಿಶೋಧನಾ ಸಂಸ್ಥೆಯಾದ ಕ್ರೋ ಹೋರ್ವತ್‌ಗೆ ಪ್ರತ್ಯೇಕ ಪರಿಶೀಲನೆಯನ್ನು ಒಪ್ಪಿಸಿತು.

ತಪ್ಪು ಅಂಕಿಗಳಿಂದಷ್ಟೇ ಹಾನಿ ಮುಗಿಯುವುದಿಲ್ಲ. ನಡೆಯದ ತಪಾಸಣೆಯನ್ನು ನಡೆದಂತೆ ತೋರಿಸಿದರೆ, ಕುಡಿದು ಚಲಾಯಿಸುವವನಿಗೆ ಇಲ್ಲದ ಅಂಕುಶ ಇದೆಯೆಂದು ಸರ್ಕಾರ ಭಾವಿಸುತ್ತದೆ. ಅದೇ ಮಾರ್ಚ್‌ನಲ್ಲಿ ಹೊರಬಿದ್ದ ಇನ್ನೊಂದು ಲೋಪದಲ್ಲಿ, ಮೊದಲು ದಂಡದ ನೋಟಿಸು ನೀಡದೆ ಸುಮಾರು 14,700 ಮಂದಿಯನ್ನು ನ್ಯಾಯಾಲಯಕ್ಕೆ ಎಳೆದು ತಪ್ಪಾಗಿ ಶಿಕ್ಷೆಗೆ ಗುರಿಪಡಿಸಲಾಗಿತ್ತು.

ಪರಿಹಾರ ಮಾತ್ರ ಲೆಕ್ಕಿಗರಿಗೆ ಪರಿಚಿತವಾದುದೇ. 2016ರ ನವೆಂಬರ್‌ನಲ್ಲಿ ಪಲ್ಸ್ ವ್ಯವಸ್ಥೆಯನ್ನು ಪರಿಷ್ಕರಿಸಿ, ತಪಾಸಣೆಯ ಮೊದಲು ಮತ್ತು ನಂತರ ಉಪಕರಣದ ಎಣಿಕೆಯನ್ನು ನಮೂದಿಸುವ ಏರ್ಪಾಡು ಮಾಡಲಾಯಿತು. ಆರಂಭಿಕ ಶಿಲ್ಕು ಮತ್ತು ಅಂತಿಮ ಶಿಲ್ಕು ಎಂಬುದಕ್ಕೆ ಇದು ಸಮಾನ.

ನಮ್ಮಲ್ಲಿ ಸರಕು ವಾಹನಗಳನ್ನು ರಸ್ತೆಯಲ್ಲಿ ತಪಾಸಿಸುವವರು ತೆರಿಗೆ ಅಧಿಕಾರಿಗಳು. ಅಲ್ಲಿಯೂ ಎರಡನೆಯ ದಾಖಲೆಗೆ ಅವಕಾಶವಿದೆ. ಜಿಎಸ್‌ಟಿ ನಿಯಮ 138ಸಿ ಪ್ರಕಾರ ಅಧಿಕಾರಿಯು ತಪಾಸಣೆಯ ಸಂಕ್ಷಿಪ್ತ ವರದಿಯನ್ನು 24 ಗಂಟೆಗಳೊಳಗೆ, ಅಂತಿಮ ವರದಿಯನ್ನು 3 ದಿನಗಳೊಳಗೆ ಜಾಲತಾಣದಲ್ಲಿ ದಾಖಲಿಸಬೇಕು. ವಾಹನವನ್ನು 30 ನಿಮಿಷಕ್ಕಿಂತ ಹೆಚ್ಚು ತಡೆಹಿಡಿದರೆ, ನಿಯಮ 138ಡಿ ಅನ್ವಯ ಸಾಗಣೆದಾರನು ಇಡಬ್ಲ್ಯೂಬಿ-04 ನಮೂನೆಯಲ್ಲಿ ಆ ವಿವರವನ್ನು ಸ್ವತಃ ಸಲ್ಲಿಸಬಹುದು. ಸದಸ್ಯರು ಈ ಹಕ್ಕನ್ನು ಬಳಸಿಕೊಂಡು, ತಡೆದ ಸ್ಥಳ ಮತ್ತು ವೇಳೆಯನ್ನು ಚಾಲಕರಿಂದ ಅಂದೇ ಬರೆಸಿಡುವುದು ಒಳಿತು. ಎರಡು ಕೈಗಳು ಬರೆದ ಲೆಕ್ಕವನ್ನು ಮಾತ್ರ ತಾಳೆ ನೋಡಲು ಸಾಧ್ಯ.