ಮುಖದ ಸುಕ್ಕಿಗೆ ಏನು ಹಚ್ಚಬೇಕು?



ಚರ್ಮದ ಆರೈಕೆ ಕುರಿತ ನಮ್ಮ ನೇರ ಪ್ರಸಾರ ಮುಗಿಯಲು ಇನ್ನು ಎರಡೇ ನಿಮಿಷ ಇದ್ದಾಗ ಶಿರಾದಿಂದ ಒಬ್ಬ ತಾಯಿ ಕರೆ ಮಾಡಿದರು. "ಡಾಕ್ಟ್ರೇ, ನನಗೀಗ ನಲವತ್ತಾರು. ಕಣ್ಣಿನ ಪಕ್ಕ, ಬಾಯಿ ಪಕ್ಕ ಗೆರೆ ಬಿದ್ದಿದಾವೆ. ಏನು ಹಚ್ಚಲಿ? ಒಂದೇ ಮಾತಲ್ಲಿ ಹೇಳಿಬಿಡಿ" ಎಂದರು. ಸ್ಟುಡಿಯೋದಲ್ಲಿದ್ದ ಚರ್ಮರೋಗ ತಜ್ಞರು ಒಂದೇ ಮಾತಿನಲ್ಲಿ ಹೇಳಿದರು: "ಕೊಡೆ ಹಿಡೀರಿ, ತಾಯಿ." ಆ ಕಡೆಯಿಂದ ನಗು ಕೇಳಿಸಿತು. ಅಷ್ಟರಲ್ಲಿ ಸಮಯ ಮುಗಿಯಿತು.

ಆಮೇಲೆ ಬಂದ ಪತ್ರಗಳಲ್ಲಿ ಕೆಲವರು, ವೈದ್ಯರು ಹೀಗೆ ತಮಾಷೆ ಮಾಡಬಾರದಿತ್ತು ಎಂದು ಬೇಸರ ಪಟ್ಟಿದ್ದಾರೆ. ಅವರು ತಮಾಷೆ ಮಾಡಿರಲಿಲ್ಲ. ಗಡಿಯಾರ ನೋಡಿ 'ಮುಗಿಸಿ' ಎಂದು ಗಾಜಿನಾಚೆಯಿಂದ ಕೈಸನ್ನೆ ಮಾಡಿದವಳು ಕಾರ್ಯಕ್ರಮದ ನಿರ್ಮಾಪಕಿಯಾದ ನಾನೇ. ಆದ್ದರಿಂದ ಆ ಉತ್ತರವನ್ನು ಪೂರ್ತಿ ಮಾಡುವ ಹೊಣೆಯೂ ನನ್ನದೇ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ, ಅವರ ತೋಳಿನ ಒಳಭಾಗವನ್ನು, ಅಂದರೆ ಕಂಕುಳಿಗೆ ಹತ್ತಿರವಿರುವ, ರವಿಕೆಯೊಳಗೇ ಇರುವ ಭಾಗವನ್ನು, ಅವರದೇ ಮುಂಗೈಯ ಮೇಲ್ಭಾಗದ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಬ್ಬರದೇ ಚರ್ಮ, ಎರಡಕ್ಕೂ ಒಂದೇ ವಯಸ್ಸು. ಒಳತೋಳು ಮೆತ್ತಗೆ, ನಯವಾಗಿರುತ್ತದೆ. ಸಣ್ಣ ಗೆರೆಗಳಿದ್ದರೂ ಕಲೆಗಳಿರುವುದಿಲ್ಲ. ಮುಂಗೈ ಒರಟಾಗಿ, ಕಪ್ಪು ಚುಕ್ಕೆಗಳಿಂದ ಕೂಡಿರುತ್ತದೆ. ಇವೆರಡರ ನಡುವಿನ ವ್ಯತ್ಯಾಸಕ್ಕೆ ಬಹುಪಾಲು ಕಾರಣ ಬಿಸಿಲು. ನಾವು 'ವಯಸ್ಸಾಯಿತು' ಎಂದುಕೊಳ್ಳುವ ಎಷ್ಟೋ ಬದಲಾವಣೆ ನಿಜಕ್ಕೂ 'ಬಿಸಿಲು ಬಿತ್ತು' ಎನ್ನಬೇಕಾದದ್ದು.

ಇದು ಹೇಗಾಗುತ್ತದೆ? ಹಳೆಯ ಮನೆಗಳಲ್ಲಿದ್ದ ನವಾರು ಮಂಚವನ್ನು ನೆನಪು ಮಾಡಿಕೊಳ್ಳಿ. ಮೇಲೊಂದು ತೆಳುವಾದ ಹೊದಿಕೆ, ಕೆಳಗೆ ಬಿಗಿಯಾಗಿ ಹೆಣೆದ ನವಾರು. ನಮ್ಮ ಚರ್ಮವೂ ಹಾಗೆಯೇ. ಕಣ್ಣಿಗೆ ಕಾಣುವುದು ತೆಳ್ಳಗಿನ ಹೊರಪದರ. ಅದರ ಕೆಳಗಿನ ದಪ್ಪ ಒಳಪದರದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳ ಹೆಣಿಗೆ ಇದೆ. ಎಳೆದು ಬಿಟ್ಟರೆ ಚರ್ಮ ಮತ್ತೆ ತನ್ನ ಜಾಗಕ್ಕೆ ಮರಳುವಂತೆ ಮಾಡುವ ಇಲಾಸ್ಟಿನ್ ನಾರುಗಳೂ ಅಲ್ಲೇ ಇವೆ. ಯೌವನ ಕಳೆದ ಮೇಲೆ ಈ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡಾ 1ರಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ಇದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಒಳಪದರಕ್ಕೆ ಇಳಿದು, ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ಕೆರಳಿಸುತ್ತವೆ. ನವಾರು ಹೀಗೆ ಕಾಲಕ್ಕೆ ಮೊದಲೇ ಸಡಿಲವಾಗುತ್ತದೆ. ಕೆಳಗೆ ಸಡಿಲವಾದರೆ ಮೇಲಿನ ಹೊದಿಕೆ ಸುಕ್ಕುಗಟ್ಟದೆ ಇರುತ್ತದೆಯೇ?

ಅಮೆರಿಕದ ಒಬ್ಬ ಟ್ರಕ್ ಚಾಲಕರ ಭಾವಚಿತ್ರ 2012ರಲ್ಲಿ ಅಲ್ಲಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು. ಅವರಿಗೆ 69 ವರ್ಷ. 28 ವರ್ಷ ಸರಕು ಸಾಗಿಸುವ ಟ್ರಕ್ ಓಡಿಸಿದವರು. ಅಲ್ಲಿ ಚಾಲಕರು ಎಡಗಡೆ ಕೂರುತ್ತಾರಲ್ಲ, ಕಿಟಕಿಯ ಪಕ್ಕದ ಅವರ ಎಡಗೆನ್ನೆ ಆಳವಾದ ಸುಕ್ಕುಗಳಿಂದ ಜೋತುಬಿದ್ದಿತ್ತು. ಬಲಗೆನ್ನೆ ಹತ್ತಿಪ್ಪತ್ತು ವರ್ಷ ಕಿರಿಯರದ್ದೇನೋ ಎಂಬಂತಿತ್ತು. ಕಿಟಕಿಯ ಗಾಜು ಚರ್ಮವನ್ನು ಸುಡುವ 'ಬಿ' ಕಿರಣಗಳನ್ನು ತಡೆಯುತ್ತದೆ, ಸುಕ್ಕು ತರುವ 'ಎ' ಕಿರಣಗಳನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ. ಬಸ್ಸಿನಲ್ಲಿ ದಿನವೂ ಒಂದೇ ಕಿಟಕಿಯ ಪಕ್ಕ ಕೂರುವವರು, ಕಚೇರಿಯಲ್ಲಿ ಬಿಸಿಲು ಬೀಳುವ ಗಾಜಿನ ಪಕ್ಕವೇ ಮೇಜು ಇರುವವರು ಇದನ್ನು ಗಮನಿಸಬೇಕು. ನಮ್ಮ ಕಂದು ಚರ್ಮಕ್ಕೆ ಮೆಲನಿನ್ ಎಂಬ ಬಣ್ಣದ ರಕ್ಷಣೆ ಇರುವುದರಿಂದ ಸುಕ್ಕು ಬಿಳಿಯರಿಗಿಂತ ತಡವಾಗಿ ಬರುತ್ತದೆ ಎಂಬುದೇನೋ ನಿಜ. ಆದರೆ ಬಂಗು, ಕಪ್ಪು ಕಲೆ ನಮಗೇ ಬೇಗ.

ಈಗ ಅಡುಗೆಮನೆಗೆ ಬರೋಣ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮನೆಮದ್ದಿನದೇ ಪ್ರಶ್ನೆ. ಇವೆಲ್ಲ ಮೇಲಿನ ಹೊದಿಕೆಯ ಮೇಲೆ ಕೆಲಸ ಮಾಡುವಂಥವು, ನವಾರಿನ ತನಕ ಹೋಗುವುದಿಲ್ಲ ಎಂಬುದು ನೆನಪಿರಲಿ. ಕೊಬ್ಬರಿ ಎಣ್ಣೆ ಚರ್ಮದ ತೇವ ಆರಿಹೋಗದಂತೆ ತಡೆಯುತ್ತದೆ. ಒಣಗಿ ಬಿದ್ದ ಸಣ್ಣ ಗೆರೆಗಳು ಇದರಿಂದ ಮಾಯವಾದಂತೆ ಕಾಣುವುದು ಸುಳ್ಳಲ್ಲ. ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ. ಲೋಳೆಸರ ತಂಪು ಕೊಡುತ್ತದೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ, ಸತ್ತ ಹೊರಕಣಗಳನ್ನು ಸ್ವಲ್ಪ ಸಡಿಲ ಮಾಡುತ್ತದೆ. ಮೊಟ್ಟೆಯ ಬಿಳಿಭಾಗ ಒಣಗುವಾಗ ಮುಖ ಬಿಗಿದಂತಾಗುತ್ತದೆ. ಅದು ಪ್ರೋಟೀನಿನ ಪೊರೆ ಕುಗ್ಗುವುದರಿಂದ, ತೊಳೆದರೆ ಅದೂ ಹೋಯಿತು. ಕಡಲೆಹಿಟ್ಟು ಜಿಡ್ಡು ತೆಗೆಯುತ್ತದೆ, ಒಣಚರ್ಮದವರು ದಿನಾ ಬಳಸಿದರೆ ಇದ್ದ ಜಿಡ್ಡೂ ಹೋಗಿ ಗೆರೆ ಎದ್ದು ಕಾಣುತ್ತದೆ. ಅಜ್ಜಿ ಮಾಡುತ್ತಿದ್ದರು ಎಂಬ ಪ್ರೀತಿಯಿಂದ ವಾರಕ್ಕೊಮ್ಮೆ ಮಾಡಿಕೊಂಡರೆ ನನ್ನ ಆಕ್ಷೇಪ ಏನೂ ಇಲ್ಲ, ನಾನೂ ಮಾಡಿಕೊಳ್ಳುತ್ತೇನೆ.

ನಿಂಬೆಹಣ್ಣು ಮಾತ್ರ ಖಂಡಿತ ಬೇಡ. ನಿಂಬೆರಸ ಚರ್ಮಕ್ಕೆ ಹೊಂದದಷ್ಟು ಹುಳಿ. ಸಾಲದ್ದಕ್ಕೆ ನಿಂಬೆಯಲ್ಲಿ ಸೋರಲೆನ್ ಎಂಬ ರಾಸಾಯನಿಕಗಳಿವೆ. ಅವು ಮುಖದ ಮೇಲಿರುವಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟು, ಆ ಜಾಗದಲ್ಲಿ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳಬಹುದು.

ಹಾಗಾದರೆ ನವಾರಿನ ತನಕ ಹೋಗುವ ಕ್ರೀಮು ಯಾವುದೂ ಇಲ್ಲವೇ? ಇದೆ. ಆದರೆ ಜಾಹೀರಾತಿನ 'ಕೊಲಾಜೆನ್ ಕ್ರೀಮು' ಅದಲ್ಲ. ಚರ್ಮದೊಳಕ್ಕೆ ಸುಲಭವಾಗಿ ಇಳಿಯಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕು ಎಂಬುದು ಒಂದು ಅಂದಾಜು. ಕೊಲಾಜೆನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಕಿಟಕಿಯ ಸರಳಿನ ಸಂದಿಯಲ್ಲಿ ಆನೆ ತೂರಿಸಲು ಹೊರಟಂತಾಯಿತು! ಅಂಥ ಕ್ರೀಮು ಮೇಲಿನ ಪದರಕ್ಕೆ ತೇವ ಕೊಡಬಹುದು, ಅಷ್ಟೇ.

ಒಳಗೆ ಹೋಗಿ ಕೆಲಸ ಮಾಡುವುದು 'ಎ' ಜೀವಸತ್ವದ ಬಳಗದ ಟ್ರೆಟಿನಾಯಿನ್. ಇದು ಅಮೆರಿಕದಲ್ಲಿ 1971ರಲ್ಲಿ ಮಾರುಕಟ್ಟೆಗೆ ಬಂದದ್ದು ಮೊಡವೆಗೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಡಾ. ಆಲ್ಬರ್ಟ್ ಕ್ಲಿಗ್‌ಮನ್ ಅವರಿಗೆ, ಮೊಡವೆಗೆಂದು ಇದನ್ನು ಹಚ್ಚಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸರು "ಸುಕ್ಕೂ ಕಡಿಮೆಯಾಗಿದೆ" ಎಂದು ಹೇಳತೊಡಗಿದರಂತೆ. 1988ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು 30 ಜನರ ಮೇಲೆ 16 ವಾರ ಪರೀಕ್ಷೆ ನಡೆಸಿ, ಬಿಸಿಲಿಗೆ ಕೆಟ್ಟ ಚರ್ಮ ಸುಧಾರಿಸುವುದನ್ನು ತೋರಿಸಿದರು. 1995ರ ಕೊನೆಯಲ್ಲಿ ಸಣ್ಣ ಸುಕ್ಕುಗಳಿಗೆಂದೇ ಅಲ್ಲಿ ಅನುಮತಿ ಸಿಕ್ಕಿತು. ಇದೇ ಕ್ಲಿಗ್‌ಮನ್ ಅವರು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಕೆಟ್ಟ ಹೆಸರನ್ನೂ ಪಡೆದವರು. ಈ ಟ್ಯೂಬನ್ನು ಕೈಗೆತ್ತಿಕೊಂಡಾಗ ನನಗೆ ಆ ಕೈದಿಗಳ ನೆನಪೂ ಬರುತ್ತದೆ.

ಟ್ರೆಟಿನಾಯಿನ್ ವೈದ್ಯರ ಚೀಟಿಯ ಮೇಲೆ ಕೊಳ್ಳಬೇಕಾದ ಔಷಧಿ. ರಾತ್ರಿ ಮಾತ್ರ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಮೊದಮೊದಲು ವಾರಕ್ಕೆ ಎರಡು ದಿನ. ಆರಂಭದಲ್ಲಿ ಉರಿಯುತ್ತದೆ, ಸಿಪ್ಪೆ ಏಳುತ್ತದೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಗರ್ಭಿಣಿಯರು, ಗರ್ಭ ಧರಿಸಬೇಕೆಂದಿರುವವರು ಹಚ್ಚಲೇಬಾರದು. ಸೌಂದರ್ಯ ಸಾಮಗ್ರಿಯಾಗಿ ಸಿಗುವ ರೆಟಿನಾಲ್ ಇದರ ಸೌಮ್ಯ ತಂಗಿ, ಕೆಲಸ ನಿಧಾನ. ಗರ್ಭಿಣಿಯರಿಗೆ ಅದೂ ಬೇಡ.

ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಬೇಕು. ನನ್ನ ಅಕ್ಕನಿಗೆ ಐವತ್ತು ಹತ್ತಿರ ಬಂದಾಗ, ಮಗಳ ಮದುವೆಗೆ ಎಂಟು ತಿಂಗಳಿರುವಾಗ, ಊರಿನ ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬು ಕೊಟ್ಟರು. ಬಂಗು, ಸುಕ್ಕು ಎಲ್ಲಕ್ಕೂ ಒಂದೇ ಎಂದರಂತೆ. ಮೂರೇ ವಾರದಲ್ಲಿ ಮುಖ ಹೊಳೆಯಿತು. ಮದುವೆಯ ಫೋಟೋಗಳಲ್ಲಿ ಅಕ್ಕ ನನಗಿಂತ ಚಿಕ್ಕವಳಾಗಿ ಕಾಣುತ್ತಾಳೆ. "ನೀನೂ ಹಚ್ಚೇ" ಎಂದು ಟ್ಯೂಬನ್ನು ನನ್ನ ಕೈಗೇ ಕೊಟ್ಟಿದ್ದಳು. ವಿಜ್ಞಾನ ಓದಿದ ನಾನು ಅದರ ಪರಿಮಳ ನೋಡಿದೆನೇ ಹೊರತು ಹಿಂದಿನ ಸಣ್ಣಕ್ಷರ ಓದಲಿಲ್ಲ.

ಒಂದೂವರೆ ವರ್ಷದ ಹೊತ್ತಿಗೆ ಒಲೆಯ ಮುಂದೆ ನಿಂತರೆ ಅಕ್ಕನ ಮುಖ ಕೆಂಡದಂತಾಗುತ್ತಿತ್ತು. ಕೆನ್ನೆಯ ಮೇಲೆ ಕೆಂಪು ದಾರದಂಥ ರಕ್ತನಾಳಗಳು, ಗಲ್ಲದ ಮೇಲೆ ಹದಿನೆಂಟರ ಹುಡುಗಿಯಂತೆ ಗುಳ್ಳೆಗಳು. ನಿಲ್ಲಿಸಿದರೆ ಎರಡೇ ದಿನದಲ್ಲಿ ಉರಿ, ಊತ. ಮತ್ತೆ ಹಚ್ಚಿದರೆ ಶಾಂತ. ಹೀಗೆ ಹಚ್ಚುತ್ತಲೇ ಇದ್ದಳು, ಯಾರಿಗೂ ಹೇಳದೆ. ನನ್ನ ಬಳಿ ಬಂದಾಗ ಟ್ಯೂಬಿನ ಹಿಂದೆ ಓದಿದೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್. ಮೂರನೆಯದು ಸ್ಟೀರಾಯ್ಡ್.

ಈ ಮೂರರ ಮಿಶ್ರಣದ ಮೂಲರೂಪವನ್ನು ಬಂಗಿಗೆಂದು 1975ರಲ್ಲಿ ಸೂಚಿಸಿದವರಲ್ಲೂ ಅದೇ ಕ್ಲಿಗ್‌ಮನ್ ಒಬ್ಬರು. ವೈದ್ಯರು ನೋಡುತ್ತಾ, ಕೆಲವೇ ವಾರಗಳ ಮಟ್ಟಿಗೆ ಕೊಟ್ಟರೆ ಅದು ಒಳ್ಳೆಯ ಔಷಧಿ. ಸ್ಟೀರಾಯ್ಡ್ ಮುಖಕ್ಕೆ ತಕ್ಷಣ ಹೊಳಪು ಕೊಡುವುದು ರಕ್ತನಾಳಗಳನ್ನು ಕುಗ್ಗಿಸಿ, ಕೆಂಪು, ಊತ ಅಡಗಿಸುವುದರಿಂದ. ಒಳಗೊಳಗೆ ಅದು ಮಾಡುವ ಕೆಲಸ ಕೊಲಾಜೆನ್ ತಯಾರಿಯನ್ನೇ ತಗ್ಗಿಸುವುದು. ಚರ್ಮ ಸಿಗರೇಟಿನ ಕಾಗದದಂತೆ ತೆಳುವಾಗಿ ಹೊಸ ಸುಕ್ಕು ಮೂಡುತ್ತದೆ. ಸುಕ್ಕು ಹೋಗಲೆಂದು ಅಕ್ಕ ಒಂದೂವರೆ ವರ್ಷ ಸುಕ್ಕಿನ ಔಷಧಿಯನ್ನೇ ಹಚ್ಚಿದ್ದಳು. ಇಂಥ ಮುಖಗಳು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ, 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂಬ ಅರ್ಥದ ಹೆಸರನ್ನೇ ಇಲ್ಲಿನ ಚರ್ಮವೈದ್ಯರು ಈ ತೊಂದರೆಗೆ ಇಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದೆಂದು ನಿಯಮ ಬಿಗಿ ಮಾಡಿತು. ಅಂಗಡಿಯಲ್ಲಿ ಚೀಟಿ ಕೇಳುವವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತು.

ಕೊಳ್ಳುವ ಮೊದಲು ಟ್ಯೂಬಿನ ಹಿಂದೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಫ್ಲೂಸಿನೋಲೋನ್ ಎಂಬ ಹೆಸರುಗಳಿವೆಯೇ ನೋಡಿ. ಅಕ್ಷರ ಕಾಣದಿದ್ದರೆ ಮನೆಯ ಮಕ್ಕಳಿಂದ ಓದಿಸಿ. ವಾರದೊಳಗೆ ಹೊಳಪು ಬಂತೆಂದರೆ ಸಂತೋಷ ಪಡುವ ಬದಲು ಸಂಶಯ ಪಡಿ.

ಇನ್ನು ಕೊಡೆಯ ಮಾತು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ, 55 ದಾಟದ 903 ಜನರನ್ನು ಗಮನಿಸಿದರು. ಕೆಲವರಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟರು. ನಾಲ್ಕೂವರೆ ವರ್ಷದ ಬಳಿಕ, ದಿನವೂ ಹಚ್ಚಿದವರ ಚರ್ಮದಲ್ಲಿ ವಯಸ್ಸಿನ ಗುರುತು ಕಾಣುವಷ್ಟು ಹೆಚ್ಚಿರಲಿಲ್ಲ. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟದ್ದನ್ನು ಕೊಳ್ಳಿ. ಆ ಅಂಕಿ ಮುಖ್ಯವಾಗಿ 'ಬಿ' ಕಿರಣದ ಲೆಕ್ಕ. 'ಎ' ಕಿರಣಕ್ಕೆ ಪಿಎ ಎಂಬ ಗುರುತಿನ ಮುಂದೆ ಮೂರು ಅಧಿಕ ಚಿಹ್ನೆಗಳಾದರೂ ಇರಲಿ. ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟನ್ನು ಮುಖ, ಕತ್ತಿಗೆ ಹಚ್ಚಬೇಕು. ಚುಕ್ಕೆಯಿಟ್ಟು ಸವರಿದರೆ ಸಾಲದು. ಹೊರಗೇ ಇರುವವರು ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಇದು ತಿಂಗಳ ಖರ್ಚು, ಎಲ್ಲರಿಗೂ ಆಗದು ಎಂಬುದು ಗೊತ್ತು. ಹೊಲದಲ್ಲಿ ಕಳೆ ಕೀಳುವವರಿಗೆ ಬೆವರಿನಲ್ಲಿ ಕ್ರೀಮು ನಿಲ್ಲುವುದೂ ಇಲ್ಲ. ತಲೆಯ ಮೇಲಿನ ಸೆರಗು, ಅಗಲ ಅಂಚಿನ ಟೋಪಿ, ಕಪ್ಪು ಕೊಡೆ, ಹತ್ತರಿಂದ ನಾಲ್ಕರವರೆಗೆ ಆದಷ್ಟು ನೆರಳು: ಇವಕ್ಕೆ ಖರ್ಚು ಕಡಿಮೆ, ಕೆಲಸ ಹೆಚ್ಚು. 'ಡಿ' ಜೀವಸತ್ವಕ್ಕೆ ಬಿಸಿಲು ಬೇಡವೇ ಎಂದು ಹಾಸನದ ಓದುಗರೊಬ್ಬರು ಕೇಳಿದ್ದಾರೆ. ಬೇಕು, ಆದರೆ ಅದಕ್ಕೆ ಮುಖವನ್ನೇ ಒಡ್ಡಬೇಕೆಂದಿಲ್ಲ, ತೋಳು ಕಾಲು ಸಾಕು.

ಬೀಡಿ ಸಿಗರೇಟು ಚರ್ಮದ ರಕ್ತಸಂಚಾರ ತಗ್ಗಿಸಿ ಕೊಲಾಜೆನ್ ಕೆಡಿಸುತ್ತವೆ. ನೀರು ಹೆಚ್ಚು ಕುಡಿದರೆ ಸುಕ್ಕು ಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ, ಬಾಯಾರಿದಷ್ಟು ಕುಡಿಯಿರಿ. ಇನ್ನೊಂದು ಮಾತು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ನಲವತ್ತಾದ ಮೇಲೂ ಚಾಳೀಸು ಹಾಕಿಕೊಳ್ಳಲು ನಾಚಿ, ಮೊಬೈಲನ್ನು ದೂರ ಹಿಡಿದು ಕಣ್ಣು ಕಿರಿದು ಮಾಡುವವರ ಕಣ್ಣಂಚಿನಲ್ಲಿ ಗೆರೆ ಗಟ್ಟಿಯಾಗಿ ಕೂರುತ್ತದೆ. ಕನ್ನಡಕ ಹಾಕಿಕೊಳ್ಳಿ.

ಅಕ್ಕನ ಮುಖ ಸರಿಹೋಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಕೆನ್ನೆಯ ಕೆಂಪು ನಾಳಗಳು ಪೂರ್ತಿ ಹೋಗಿಲ್ಲ. ನಿಮ್ಮಲ್ಲಿ ಯಾರಾದರೂ ಅಂಥ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಇದನ್ನು ಓದಿ ಹೆದರಿ ಒಮ್ಮೆಲೇ ಎಸೆಯಬೇಡಿ, ಉರಿ ತಡೆಯಲಾಗದೆ ಮತ್ತೆ ಕೊಳ್ಳುವಂತಾಗುತ್ತದೆ. ಚರ್ಮವೈದ್ಯರ ಬಳಿ ಹೋಗಿ, ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲೂ ತೋರಿಸಬಹುದು. ಹೋಗುವಾಗ ಆ ಟ್ಯೂಬನ್ನೂ, ಖಾಲಿಯಾಗಿದ್ದರೆ ಖಾಲಿ ಟ್ಯೂಬನ್ನೇ, ಚೀಲದಲ್ಲಿ ಹಾಕಿಕೊಂಡು ಹೋಗಿ. ಅಕ್ಕ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದಳು.